ಬಣ್ಣದ ಮುಂದೆ ಒಂದಿಷ್ಟು ಹೊತ್ತು

ಅಮೂರ್ತ ಚಿತ್ರವೊಂದರ ಮುಂದೆ ನಿಂತಾಗ ನಮ್ಮ ವಿದ್ಯಾವಂತರ ಬಾಯಿಂದ ಸಾಮಾನ್ಯವಾಗಿ ಎರಡು ಮಾತು ಹೊರಡುತ್ತವೆ. ‘ಇದರ ಅರ್ಥವೇನು?’ ಎಂಬುದು ಒಂದು. ‘ಇಂಥದ್ದನ್ನು ನಮ್ಮ ಮನೆಯ ಮಗುವೂ ಬರೆದೀತು’ ಎಂಬುದು ಇನ್ನೊಂದು. 2012ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅಮೆರಿಕದ ಕಲಾವಿದ ಮಾರ್ಕ್ ರೋಥ್ಕೊನ ‘ಆರೆಂಜ್, ರೆಡ್, ಯೆಲ್ಲೋ’ ಎಂಬ 1961ರ ಚಿತ್ರ ಸುಮಾರು 8.69 ಕೋಟಿ ಡಾಲರಿಗೆ ಮಾರಾಟವಾದಾಗ ಮೂರನೆಯ ಮಾತೂ ಸೇರಿಕೊಂಡಿತು: ‘ಎರಡು ಮೂರು ಪಟ್ಟೆ ಬಣ್ಣಕ್ಕೆ ಇಷ್ಟು ಹಣವೇ?’ ಈ ಪ್ರಶ್ನೆಗಳನ್ನು ಅರಸಿಕರ ಮಾತೆಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ. ನಾನು ಆ ಪಕ್ಷದವನಲ್ಲ. ಇವು ಪ್ರಾಮಾಣಿಕ ಪ್ರಶ್ನೆಗಳು. ರೋಥ್ಕೊನ ಬದುಕೂ ಕೃತಿಗಳೂ ಇವಕ್ಕೆ ಕೊಡುವ ಉತ್ತರಗಳು ಕಲಾವಲಯದ ಹೊರಗಿರುವ ನಮ್ಮಂಥವರಿಗೂ ಸಂಬಂಧಿಸಿದವು ಎಂಬುದು ನನ್ನ ನಂಬಿಕೆ.

ಮಗುವಿನ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಅದನ್ನು ಬೈಗುಳವೆಂದು ರೋಥ್ಕೊ ಭಾವಿಸುತ್ತಿದ್ದನೆಂದು ನನಗೆ ಅನಿಸುವುದಿಲ್ಲ. 1929ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಆತ ಬ್ರೂಕ್ಲಿನ್‌ನ ಯಹೂದಿ ಕೇಂದ್ರವೊಂದರ ಶಾಲೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸಿದ ಮೇಷ್ಟರು. 1933ರಲ್ಲಿ ಪೋರ್ಟ್‌ಲ್ಯಾಂಡ್‌ನ ಕಲಾ ಸಂಗ್ರಹಾಲಯದಲ್ಲಿ ತನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದಾಗ ತನ್ನ ಚಿತ್ರಗಳ ಜೊತೆಗೆ ವಿದ್ಯಾರ್ಥಿಗಳ ಚಿತ್ರಗಳನ್ನೂ ತೂಗುಹಾಕಿಸಿದ. ಇನ್ನೂ ಹೆಸರು ಮಾಡದ ತರುಣನೊಬ್ಬ ತನ್ನ ಮೊದಲ ಅವಕಾಶವನ್ನು ಶಾಲಾ ಮಕ್ಕಳೊಡನೆ ಹಂಚಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಓದು ಬರಹ ಕಲಿಯುವ ಮೊದಲೇ ಮಗು ಬಣ್ಣದಲ್ಲಿ ಏನನ್ನೋ ಹೇಳುತ್ತದೆ, ಎದುರಿನವರು ಅದನ್ನು ಕೇಳಿಸಿಕೊಳ್ಳಬೇಕೆಂದು ಬಯಸುತ್ತದೆ. ದೊಡ್ಡವರಾಗುವ ಹೊತ್ತಿಗೆ ನಾವು ಹೇಳುವುದನ್ನೂ ಬಿಡುತ್ತೇವೆ, ಕೇಳಿಸಿಕೊಳ್ಳುವುದನ್ನೂ ಬಿಡುತ್ತೇವೆ.

ರೋಥ್ಕೊ ಹುಟ್ಟಿದ್ದು 1903ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಲಾಟ್ವಿಯಾದಲ್ಲಿರುವ ದ್ವಿನ್ಸ್ಕ್ ಪಟ್ಟಣದಲ್ಲಿ. ಹುಟ್ಟುಹೆಸರು ಮಾರ್ಕಸ್ ರೋಥ್ಕೊವಿಟ್ಸ್. ಯಹೂದಿಗಳ ಮೇಲೆ ಹಿಂಸೆಯ ಕಾರ್ಮೋಡ ಕವಿದಿದ್ದ ಆ ಕಾಲದಲ್ಲಿ ಕುಟುಂಬ ಹಂತಹಂತವಾಗಿ ಅಮೆರಿಕಕ್ಕೆ ವಲಸೆ ಹೋಯಿತು. ಹತ್ತು ವರ್ಷದ ಹುಡುಗ 1913ರಲ್ಲಿ, ಇಂಗ್ಲಿಷಿನ ಗಂಧವಿಲ್ಲದೆ, ಪೋರ್ಟ್‌ಲ್ಯಾಂಡ್ ತಲುಪಿದ. ಮರುವರ್ಷವೇ ತಂದೆ ತೀರಿಕೊಂಡರು. ಹುಡುಗ ಪತ್ರಿಕೆ ಮಾರಿ ಮನೆಗೆ ನೆರವಾದ. ಬುದ್ಧಿವಂತಿಕೆಯ ಬಲದಿಂದ 1921ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿದನಾದರೂ ಎರಡು ವರ್ಷಗಳಲ್ಲಿ ಅದನ್ನು ಬಿಟ್ಟು ನ್ಯೂಯಾರ್ಕಿಗೆ ಬಂದ. ಒಂದು ಭಾಷೆಯನ್ನು ಹಿಂದೆ ಬಿಟ್ಟು ಇನ್ನೊಂದರಲ್ಲಿ ಬದುಕು ಕಟ್ಟಿಕೊಂಡವನು ಕೊನೆಗೆ ಭಾಷೆಯೇ ಬೇಡದ ಮಾಧ್ಯಮವೊಂದನ್ನು ಅರಸಿದ್ದು ಸಹಜವೆನಿಸುತ್ತದೆ. ಆದರೆ ಅದು ಆತನಿಗೆ ಸುಲಭವಾಗಿಯೇನೂ ದಕ್ಕಲಿಲ್ಲ. 1930ರ ದಶಕದಲ್ಲಿ ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ ಒಬ್ಬರನ್ನೊಬ್ಬರು ನೋಡದೆ ನಿಂತ ತೆಳ್ಳಗಿನ ಮನುಷ್ಯರನ್ನು ಬರೆದ. 1940ರ ದಶಕದ ಮೊದಲ ಭಾಗದಲ್ಲಿ ಗ್ರೀಕ್ ಪುರಾಣಗಳ ಮೊರೆಹೊಕ್ಕ. ಆಮೇಲೆ ಆಕೃತಿಗಳು ಕರಗುತ್ತ ಬಂದವು. 1949ರ ಸುಮಾರಿಗೆ, ಅಂದರೆ ನಲವತ್ತಾರರ ವಯಸ್ಸಿನಲ್ಲಿ, ಇಂದು ನಾವು ‘ರೋಥ್ಕೊ ಚಿತ್ರ’ ಎಂದು ಗುರುತಿಸುವುದು ಮೂಡಿತು.

ಆ ಚಿತ್ರಗಳನ್ನು ನೋಡದವರಿಗಾಗಿ ಒಂದೆರಡು ಮಾತು. ಆಳೆತ್ತರವನ್ನೂ ಮೀರಿದ ಕ್ಯಾನ್ವಾಸು. ಅದರಲ್ಲಿ ಒಂದರ ಮೇಲೊಂದರಂತೆ ಎರಡು ಮೂರು ಆಯತಗಳು. ಅಂಚುಗಳು ಗೆರೆ ಎಳೆದಂತೆ ನಿಲ್ಲದೆ ಹತ್ತಿಯಂತೆ ಮೃದುವಾಗಿ ಹಿನ್ನೆಲೆಯೊಳಗೆ ಕರಗುತ್ತವೆ. ಬಣ್ಣವನ್ನು ನೀರಿನಷ್ಟು ತೆಳುಮಾಡಿ ಪದರದ ಮೇಲೆ ಪದರವಾಗಿ ಹಚ್ಚಿರುವುದರಿಂದ ಕೆಳಗಿನದು ಮೇಲಿನದರ ಮೂಲಕ ಉಸಿರಾಡುತ್ತದೆ. ಮೊದಲ ನೋಟಕ್ಕೆ ಕೆಂಪಾಗಿ ಕಂಡದ್ದು ಐದು ನಿಮಿಷ ಕಳೆದರೆ ಕೆಂಪಾಗಿಯಷ್ಟೇ ಉಳಿಯುವುದಿಲ್ಲ. ಅದರೊಳಗೆ ಕಂದು, ನೇರಳೆ, ಕೆಂಡದಂಥ ಕಿತ್ತಳೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಪುಸ್ತಕದಲ್ಲಿ ಅಚ್ಚಾದ ಚಿತ್ರದಲ್ಲಾಗಲಿ ಮೊಬೈಲಿನ ಪರದೆಯಲ್ಲಾಗಲಿ ಇದಾವುದೂ ಕಾಣದು. ಅಲ್ಲಿ ಉಳಿಯುವುದು ಪಟ್ಟೆಗಳು ಮಾತ್ರ. ಆದ್ದರಿಂದಲೇ, ಪಟ್ಟೆಗಳಷ್ಟನ್ನೇ ನೋಡಿದವರು ಹಣದ ಪ್ರಶ್ನೆ ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಇನ್ನು ಅರ್ಥದ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ನುಡಿಯೊಳಗೇ ಇದೆ. ‘ರಾಗ’ ಎಂಬ ಶಬ್ದವನ್ನೇ ನೋಡಿ. ಬಣ್ಣ ಕಟ್ಟು, ಕೆಂಪಾಗು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಮಾತಿಗೆ ಬಣ್ಣ ಎಂಬ ಅರ್ಥವೂ ಇದೆ, ಪ್ರೀತಿ ಎಂಬ ಅರ್ಥವೂ ಇದೆ, ಸಂಗೀತದ ರಾಗವೂ ಅದೇ. ‘ವರ್ಣ’ದಿಂದ ‘ಬಣ್ಣ’ ಬಂತು, ‘ಬಣ್ಣಿಸು’ ಎಂಬ ಕ್ರಿಯಾಪದವೂ ಅದೇ ಮೂಲದ್ದು. ಬಣ್ಣ, ಭಾವ, ನಾದ ಇವು ಮೂರೂ ಒಂದೇ ಮನೆಯ ಮಕ್ಕಳೆಂದು ಹಿಂದಿನವರು ಅರಿತಿದ್ದರು. ಕಛೇರಿಯಲ್ಲಿ ಗಾಯಕರು ಅರ್ಧ ಗಂಟೆ ತೋಡಿಯನ್ನು ಆಲಾಪನೆ ಮಾಡಿದಾಗ ಅದರ ಅರ್ಥವೇನೆಂದು ಯಾರೂ ಎದ್ದು ಕೇಳುವುದಿಲ್ಲ. ಅಲ್ಲಿ ಸಾಹಿತ್ಯವಿಲ್ಲ, ಕತೆಯಿಲ್ಲ. ಆದರೂ ಕಣ್ಣು ತುಂಬಿ ಬರುತ್ತದೆ. ಕಿವಿಗೆ ನಾವು ಕೊಟ್ಟಿರುವ ಈ ಸ್ವಾತಂತ್ರ್ಯವನ್ನು ಕಣ್ಣಿಗೆ ಮಾತ್ರ ಕೊಟ್ಟಿಲ್ಲ. ಕಣ್ಣು ಸದಾ ಏನನ್ನಾದರೂ ಗುರುತಿಸುತ್ತಿರಬೇಕು, ಹೆಸರಿಸುತ್ತಿರಬೇಕು ಎಂಬುದು ನಮ್ಮ ಹಟ. ಮೋಟ್ಸಾರ್ಟನ ಸಂಗೀತವನ್ನು ಅತಿಯಾಗಿ ಪ್ರೀತಿಸಿದ ರೋಥ್ಕೊ ಬಯಸಿದ್ದು ಇಷ್ಟೇ: ಸಂಗೀತ ಮನಸ್ಸನ್ನು ಮುಟ್ಟುವಷ್ಟು ಆಳವಾಗಿ ಚಿತ್ರವೂ ಮುಟ್ಟಬೇಕು.

ಆದರೆ ಇಲ್ಲೊಂದು ತೊಡಕಿದೆ. ಬಣ್ಣಕ್ಕೂ ಭಾವಕ್ಕೂ ಸಂಬಂಧವಿದೆಯೆಂದ ಕೂಡಲೆ ನಾವು ಒಂದು ಪಟ್ಟಿ ಮಾಡಲು ಹೊರಡುತ್ತೇವೆ. ಭರತನ ನಾಟ್ಯಶಾಸ್ತ್ರದಲ್ಲಿ ಅಂಥ ಪಟ್ಟಿಯಿದೆ: ರೌದ್ರಕ್ಕೆ ಕೆಂಪು, ಹಾಸ್ಯಕ್ಕೆ ಬಿಳಿ, ಭಯಾನಕಕ್ಕೆ ಕಪ್ಪು, ಕರುಣಕ್ಕೆ ಪಾರಿವಾಳದ ಬೂದು. ಯಕ್ಷಗಾನದ ಬಣ್ಣದ ವೇಷ ಚೌಕಿಯಿಂದ ರಂಗಕ್ಕೆ ಬಂದಾಗ ಅದರ ಮುಖದ ಬಣ್ಣವೇ ಪಾತ್ರದ ಸ್ವಭಾವವನ್ನು ಸಾರುತ್ತದೆ. ರಂಗಭೂಮಿಗೆ ಇಂಥ ಸಂಕೇತ ಬೇಕು. ದೂರ ಕುಳಿತ ಪ್ರೇಕ್ಷಕನಿಗೆ ಕ್ಷಣಾರ್ಧದಲ್ಲಿ ತಿಳಿಯಬೇಕು. ರೋಥ್ಕೊನಲ್ಲಿ ಈ ಪಟ್ಟಿ ಕೆಲಸಕ್ಕೆ ಬಾರದು. ತಾನು ಬಣ್ಣಗಾರನೇ ಅಲ್ಲವೆಂದೂ ಬಣ್ಣಗಳ ಹೊಂದಾಣಿಕೆಯನ್ನಷ್ಟೇ ಕಂಡು ಮೆಚ್ಚುವವರು ಮುಖ್ಯವಾದುದನ್ನು ಕಳೆದುಕೊಳ್ಳುತ್ತಾರೆಂದೂ ಆತ ವಾದಿಸಿದ. ದುರಂತ, ಪರಮಾನಂದ, ವಿನಾಶದ ಭೀತಿ ಇಂಥ ಮೂಲಭೂತ ಮಾನವ ಭಾವಗಳೇ ತನ್ನ ವಿಷಯವೆಂದ. ಆತನ ಹಳದಿಯಲ್ಲಿ ಹಬ್ಬವನ್ನು ಮಾತ್ರ ಕಂಡವರು ಅದರ ಅಂಚಿನಲ್ಲಿರುವ ಆತಂಕವನ್ನು ಗಮನಿಸಿರುವುದಿಲ್ಲ.

ಇದೇ ಪಟ್ಟಿಯ ಚಾಳಿ ಆತನ ಜೀವನಚರಿತ್ರೆಯನ್ನೂ ಕೆಡಿಸಿದೆ. 1970ರ ಫೆಬ್ರವರಿ 25ರಂದು ರೋಥ್ಕೊ ಆತ್ಮಹತ್ಯೆ ಮಾಡಿಕೊಂಡ. ಅಂದಿನಿಂದ ಆತನ ಕಡುಬಣ್ಣದ ಚಿತ್ರಗಳೆಲ್ಲ ಸಾವಿನ ಮುನ್ಸೂಚನೆಗಳೆಂಬ ಸರಳ ವ್ಯಾಖ್ಯಾನ ಬಳಕೆಗೆ ಬಂದಿದೆ. ಆದರೆ ಆ ವರ್ಷದ ಆರಂಭದಲ್ಲಿ ಆತ ರಚಿಸಿದ ಕೊನೆಯ ಕೃತಿಗಳಲ್ಲೊಂದು ಉರಿಯುವ ಕೆಂಪಿನದು. ಅನಾರೋಗ್ಯ, ಮುರಿದ ಸಂಸಾರ, ಖಿನ್ನತೆ ಇವುಗಳಿಂದ ನರಳಿದ ಮನುಷ್ಯನೊಬ್ಬನ ನೋವನ್ನು ಕ್ಯಾನ್ವಾಸಿನ ಬಣ್ಣ ನೋಡಿ ಅಳೆಯುವುದು ಆ ಮನುಷ್ಯನಿಗೂ ಅನ್ಯಾಯ, ಚಿತ್ರಕ್ಕೂ ಅನ್ಯಾಯ. ನಮ್ಮ ಸುತ್ತಲಿನವರ ವಿಷಯದಲ್ಲಿ ನಾವು ಮಾಡುವ ತಪ್ಪೂ ಇದೇ ಅಲ್ಲವೇ? ನಗುವವರೆಲ್ಲ ಸುಖಿಗಳು, ಮೌನಿಗಳೆಲ್ಲ ದುಃಖಿಗಳು ಎಂದು ಹೊರಗಿನ ಬಣ್ಣ ನೋಡಿಯೇ ತೀರ್ಮಾನಿಸಿಬಿಡುತ್ತೇವೆ.

ಹಾಗಾದರೆ ಆ ಭಾವ ಎಲ್ಲಿದೆ? ಕಲಾವಿದನ ಎದೆಯಲ್ಲೇ, ಕ್ಯಾನ್ವಾಸಿನಲ್ಲೇ, ನೋಡುವವರಲ್ಲೇ? 1947ರಲ್ಲಿ ಬರೆದ ಟಿಪ್ಪಣಿಯೊಂದರಲ್ಲಿ ರೋಥ್ಕೊ, ಚಿತ್ರ ಜೀವಿಸುವುದು ಸಹವಾಸದಿಂದ, ಸೂಕ್ಷ್ಮ ಮನಸ್ಸಿನ ನೋಡುಗನ ಕಣ್ಣಲ್ಲಿ ಅದು ಬೆಳೆಯುತ್ತದೆ, ಸಂವೇದನೆಯಿಲ್ಲದ ಕಣ್ಣಿನೆದುರು ಅದು ಸಾಯುತ್ತದೆ ಎಂಬ ಅರ್ಥದ ಮಾತು ಹೇಳಿದ. ಆನಂದವರ್ಧನ, ಅಭಿನವಗುಪ್ತರನ್ನು ಓದಿದವರಿಗೆ ಇದು ಹೊಸ ಮಾತೇನಲ್ಲ. ‘ಸಹೃದಯ’ ಎಂಬ ಪರಿಕಲ್ಪನೆಯೇ ಇದು: ಕಾವ್ಯ ಪೂರ್ಣಗೊಳ್ಳಲು ಕವಿಯ ಹೃದಯಕ್ಕೆ ಸಮಾನವಾದ ಇನ್ನೊಂದು ಹೃದಯ ಬೇಕು. ರೋಥ್ಕೊ ನಮ್ಮ ಕಾವ್ಯಮೀಮಾಂಸೆಯಿಂದ ಇದನ್ನು ಪಡೆದನೆಂದು ಹೇಳುವುದು ನನ್ನ ಉದ್ದೇಶವಲ್ಲ. ಬೇರೆ ದಾರಿಯಿಂದ ಬಂದವನು ಅದೇ ಬಾಗಿಲು ತಟ್ಟಿದನೆಂಬುದಷ್ಟೇ ಇಲ್ಲಿ ಗಮನಾರ್ಹ.

ಈ ಸಹವಾಸಕ್ಕೆ ತಕ್ಕ ಪರಿಸರ ಬೇಕೆಂದು ಆತ ಪಟ್ಟು ಹಿಡಿದ. ಚಿತ್ರಗಳನ್ನು ನೆಲಕ್ಕೆ ಹತ್ತಿರವಾಗಿ ತೂಗುಹಾಕಬೇಕು, ಬೆಳಕು ಮಂದವಾಗಿರಬೇಕು, ಚೌಕಟ್ಟು ಬೇಡ, ನೋಡುವವರು ಒಂದೂವರೆ ಅಡಿಯಷ್ಟು ಸಮೀಪ ಬರಬೇಕು. ದೊಡ್ಡ ಚಿತ್ರ ಬರೆಯುವುದು ವೈಭವ ಪ್ರದರ್ಶನಕ್ಕೆಂಬ ಆಕ್ಷೇಪಕ್ಕೆ ಆತನ ಉತ್ತರ ತದ್ವಿರುದ್ಧವಾದುದು. ಸಣ್ಣ ಚಿತ್ರವನ್ನು ನಾವು ಹೊರಗೆ ನಿಂತು ನೋಡುತ್ತೇವೆ. ದೊಡ್ಡ ಚಿತ್ರದ ಒಳಗೆ ನಾವಿರುತ್ತೇವೆ. ಆದ್ದರಿಂದ ಆತ್ಮೀಯತೆಗಾಗಿಯೇ ಅಷ್ಟು ದೊಡ್ಡದು. ವಾಷಿಂಗ್ಟನ್ನಿನ ಫಿಲಿಪ್ಸ್ ಸಂಗ್ರಹಾಲಯ 1960ರಲ್ಲಿ ಆತನ ಚಿತ್ರಗಳಿಗೆಂದೇ ಒಂದು ಪುಟ್ಟ ಕೋಣೆಯನ್ನು ಮೀಸಲಿಟ್ಟಾಗ ಆತ ಸಂತೋಷಪಟ್ಟದ್ದು ಆ ಕೋಣೆ ಪುಟ್ಟದಾಗಿದ್ದ ಕಾರಣಕ್ಕೆ.

ಈ ನಿಲುವಿನ ಪರೀಕ್ಷೆ ಬಂದದ್ದು 1958ರಲ್ಲಿ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂನಲ್ಲಿ ಮೀಸ್ ವಾನ್ ಡೆರ್ ರೋಹೆ ವಿನ್ಯಾಸಗೊಳಿಸಿದ ಸೀಗ್ರಾಮ್ ಕಟ್ಟಡದ ‘ಫೋರ್ ಸೀಸನ್ಸ್’ ಹೋಟೆಲಿಗೆ ಭಿತ್ತಿಚಿತ್ರಗಳನ್ನು ಬರೆದುಕೊಡಲು ಆತ ಒಪ್ಪಿಕೊಂಡ. ಸುಮಾರು 35 ಸಾವಿರ ಡಾಲರುಗಳ ಒಪ್ಪಂದ. ಆ ಕಾಲಕ್ಕೆ ದೊಡ್ಡ ಮೊತ್ತ. ಅಲ್ಲಿ ಉಣ್ಣಲು ಬರುವ ಧನಿಕರ ಹಸಿವು ಕೆಡಿಸುವಂಥ ಚಿತ್ರ ಬರೆಯುತ್ತೇನೆಂದು ಪತ್ರಕರ್ತನೊಬ್ಬನ ಬಳಿ ಹೇಳಿಕೊಂಡದ್ದೂ ಉಂಟು. ಸುಮಾರು ಮೂವತ್ತು ಕ್ಯಾನ್ವಾಸುಗಳು ಸಿದ್ಧವಾದವು. ಆಮೇಲೆ ಹೆಂಡತಿಯೊಡನೆ ಆ ಹೋಟೆಲಿನಲ್ಲಿ ಒಮ್ಮೆ ಊಟ ಮಾಡಿ ಬಂದವನು ಹಣ ಹಿಂದಿರುಗಿಸಿ ಚಿತ್ರಗಳನ್ನು ತನ್ನಲ್ಲೇ ಇರಿಸಿಕೊಂಡ. ಅಂಥ ಜಾಗದ ಕೆಲಸವನ್ನು ಮೊದಲೇ ಏಕೆ ಒಪ್ಪಿಕೊಂಡನೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ; ಆತ ಸಂತನೇನಲ್ಲ. ಆದರೆ ಊಟದ ಗದ್ದಲದ ನಡುವೆ ಯಾರೂ ಒಂದು ಚಿತ್ರದ ಜೊತೆ ಇರಲಾರರು ಎಂಬುದು ಖಚಿತವಾದ ಮೇಲೆ ಆತ ತಡಮಾಡಲಿಲ್ಲ. ಆ ಸರಣಿಯ ಒಂಬತ್ತು ಚಿತ್ರಗಳನ್ನು ಲಂಡನ್ನಿನ ಟೇಟ್ ಸಂಗ್ರಹಾಲಯಕ್ಕೆ ಕೊಟ್ಟ. ಅವು ಲಂಡನ್ ತಲುಪಿದ್ದೂ ಆತನ ಸಾವಿನ ಸುದ್ದಿ ಬಂದದ್ದೂ ಒಂದೇ ದಿನ.

ಕೆಲವು ವರ್ಷಗಳ ಹಿಂದೆ ಟೇಟ್ ಮಾಡರ್ನ್‌ನ ಮಸುಕು ಬೆಳಕಿನ ಕೊಠಡಿಯಲ್ಲಿ ಆ ಚಿತ್ರಗಳನ್ನು ನಾನು ನೋಡಿದ್ದೇನೆ. ಮೊದಲ ಹತ್ತು ನಿಮಿಷ ನನಗೆ ಏನೂ ಆಗಲಿಲ್ಲ ಎಂಬುದನ್ನು ಹೇಳಲೇಬೇಕು. ಕಂದುಗೆಂಪು ಗೋಡೆಗಳ ಮೇಲೆ ಕಪ್ಪು ಕಿಟಕಿಗಳಂಥ ಆಕಾರಗಳು, ಅಷ್ಟೆ. ಆಮೇಲೆ ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಬಣ್ಣ ನಿಧಾನವಾಗಿ ಹೊರಬರತೊಡಗಿತು. ಅದೇ ಬೆಂಚಿನ ಮೇಲೆ ಕುಳಿತಿದ್ದ ಅಪರಿಚಿತ ವೃದ್ಧೆಯೊಬ್ಬರು ಎದ್ದು ಹೋಗುವಾಗ ನನ್ನತ್ತ ನೋಡಿ ತಲೆಯಾಡಿಸಿದರು. ನಾವು ಮಾತಾಡಲಿಲ್ಲ. ಆದರೆ ಇಬ್ಬರೂ ಒಂದೇ ಕಡೆ ಹೋಗಿ ಬಂದಿದ್ದೆವೆಂಬುದು ಇಬ್ಬರಿಗೂ ತಿಳಿದಿತ್ತು.

ಇದೆಲ್ಲ ಮಂದ ಬೆಳಕು, ನಿಶ್ಶಬ್ದ, ಕಲಾವಿದನ ಖ್ಯಾತಿ ಇವುಗಳ ಮಾಯೆಯಲ್ಲವೇ ಎಂದು ಸಂಶಯವಾದಿಗಳು ಕೇಳಬಹುದು. ಸ್ವಲ್ಪಮಟ್ಟಿಗೆ ಹೌದು. ಆದರೆ ಪರಿಸರದ ನೆರವಿಲ್ಲದ ಕಲೆ ಯಾವುದಿದೆ? ಇರುಳು, ಗದ್ದೆಯ ಗಾಳಿ, ಚೆಂಡೆಯ ಸದ್ದು ಕೂಡಿದಾಗಲೇ ಬಯಲಾಟ ಬಯಲಾಟವಾಗುವುದು. ಪರಿಸರ ತಪ್ಪಿದರೆ ಏನಾಗುತ್ತದೆಂಬುದಕ್ಕೂ ರೋಥ್ಕೊನ ಕೃತಿಗಳೇ ಸಾಕ್ಷಿ. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಆತ ಕೊಟ್ಟ ಐದು ಭಿತ್ತಿಚಿತ್ರಗಳನ್ನು 1964ರಲ್ಲಿ ಬಹುಮಹಡಿ ಕಟ್ಟಡವೊಂದರ ತುದಿಯ ಊಟದ ಕೋಣೆಯಲ್ಲಿ ತೂಗುಹಾಕಲಾಯಿತು. ದೊಡ್ಡ ಕಿಟಕಿಗಳಿಂದ ಬಿದ್ದ ಬಿಸಿಲಿಗೆ, ಲಿಥಾಲ್ ರೆಡ್ ಎಂಬ ಕೆಂಪು ವರ್ಣದ್ರವ್ಯ ಮಾಸುತ್ತ ಹೋಗಿ ಕಡುಗೆಂಪಿನ ಭಾಗಗಳು ತಿಳಿನೀಲಿಗೆ ತಿರುಗಿದವು. 1979ರಲ್ಲಿ ಅವುಗಳನ್ನು ಕೆಳಗಿಳಿಸಿ ಉಗ್ರಾಣಕ್ಕೆ ಸೇರಿಸಲಾಯಿತು. 2014ರಲ್ಲಿ ತಜ್ಞರು ಚಿತ್ರವನ್ನು ಮುಟ್ಟದೆಯೇ, ಕಳೆದುಹೋದ ಬಣ್ಣವನ್ನು ಪ್ರೊಜೆಕ್ಟರಿನ ಬೆಳಕಿನಿಂದ ತುಂಬಿ ಅವುಗಳನ್ನು ಮತ್ತೆ ಪ್ರದರ್ಶಿಸಿದರು. ಪ್ರತಿದಿನ ಸಂಜೆ ನಾಲ್ಕಕ್ಕೆ ಪ್ರೊಜೆಕ್ಟರುಗಳನ್ನು ಆರಿಸುತ್ತಿದ್ದರು. ಇದ್ದ ಬಣ್ಣಕ್ಕೂ ಉಳಿದ ಬಣ್ಣಕ್ಕೂ ನಡುವಿನ ಅಂತರ ಎಲ್ಲರ ಕಣ್ಣೆದುರು ತೆರೆದುಕೊಳ್ಳುತ್ತಿತ್ತು. ಯಾರೂ ದ್ವೇಷದಿಂದ ಕೆಡಿಸಿದ ಚಿತ್ರಗಳಲ್ಲ ಅವು. ಯಾರೂ ಸರಿಯಾಗಿ ಗಮನಿಸದ ಕಾರಣಕ್ಕೆ ಕೆಟ್ಟವು. ಮನುಷ್ಯ ಸಂಬಂಧಗಳಲ್ಲೂ ಹೆಚ್ಚಿನವು ಮಾಸುವುದು ಹೀಗೆಯೇ.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಹ್ಯೂಸ್ಟನ್ನಿನ ರೋಥ್ಕೊ ಚಾಪೆಲ್. ಜಾನ್ ಮತ್ತು ಡೊಮಿನಿಕ್ ಡಿ ಮೆನಿಲ್ ದಂಪತಿ 1964ರಲ್ಲಿ ಆತನಿಗೆ ಈ ಕೆಲಸ ಒಪ್ಪಿಸಿದರು. ಎಂಟು ಮೂಲೆಯ ಆ ಪ್ರಾರ್ಥನಾ ಮಂದಿರದಲ್ಲಿ ಕಪ್ಪಿಗೂ ಕಡುನೇರಳೆಗೂ ನಡುವೆ ತುಯ್ಯುವ ಹದಿನಾಲ್ಕು ಚಿತ್ರಗಳಿವೆ. 1971ರಲ್ಲಿ ಅದು ತೆರೆದಾಗ ನೋಡಲು ಆತ ಉಳಿದಿರಲಿಲ್ಲ. ಯಾವ ಒಂದು ಮತಕ್ಕೂ ಸೇರದ ಆ ಸ್ಥಳದಲ್ಲಿ ವಿಗ್ರಹವಿಲ್ಲ, ಶಿಲುಬೆಯಿಲ್ಲ. ಎಲ್ಲ ಧರ್ಮದವರೂ, ಯಾವ ಧರ್ಮವೂ ಬೇಡವೆನ್ನುವವರೂ ಬಂದು ಕೂರುತ್ತಾರೆ. ಹೊರಗೆ ಕೊಳದಲ್ಲಿ ನಿಂತಿರುವ ಬಾರ್ನೆಟ್ ನ್ಯೂಮನ್‌ನ ಶಿಲ್ಪ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಅರ್ಪಿತವಾದುದು. 1991ರಲ್ಲಿ ನೆಲ್ಸನ್ ಮಂಡೇಲಾ ಮಾನವ ಹಕ್ಕುಗಳ ಗೌರವ ಸ್ವೀಕರಿಸಿದ್ದು ಇಲ್ಲಿಯೇ. ಅಲ್ಲಿನ ಸಂದರ್ಶಕರ ಪುಸ್ತಕಗಳನ್ನು ಓದಿದ ಕಲಾ ಇತಿಹಾಸಕಾರ ಜೇಮ್ಸ್ ಎಲ್ಕಿನ್ಸ್, ಚಿತ್ರಗಳ ಮುಂದೆ ಅತ್ತವರ ಬಗ್ಗೆ 2001ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಅಳುವುದೇ ರಸಿಕತೆಯ ಲಕ್ಷಣವೆಂದು ನಾನು ಹೇಳುತ್ತಿಲ್ಲ. ಆದರೆ ಯಾರನ್ನೂ ಚಿತ್ರಿಸದ, ಏನನ್ನೂ ಬೋಧಿಸದ ಚಿತ್ರಗಳ ಮುಂದೆ ಪರಸ್ಪರ ಪರಿಚಯವಿಲ್ಲದ ಮಂದಿ ತಮ್ಮ ತಮ್ಮ ಅಗಲಿದವರನ್ನು ನೆನೆದುಕೊಳ್ಳುತ್ತಾರೆಂದರೆ ಬಣ್ಣಕ್ಕೆ ಶಕ್ತಿಯಿದೆಯೆಂದು ಒಪ್ಪಲೇಬೇಕಾಗುತ್ತದೆ.

ಇನ್ನು ಉಳಿದದ್ದು ಹಣದ ಪ್ರಶ್ನೆ. ರೋಥ್ಕೊ ಸತ್ತ ಮರುವರ್ಷವೇ ಆತನ ಮಗಳು ಕೇಟ್ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಆತ ಬಿಟ್ಟುಹೋದ 798 ಚಿತ್ರಗಳನ್ನು ಉಯಿಲು ಜಾರಿಗೊಳಿಸಬೇಕಾದವರೇ ಪ್ರಸಿದ್ಧ ಗ್ಯಾಲರಿಯೊಂದರ ಜೊತೆ ಸೇರಿ ಕಡಿಮೆ ಬೆಲೆಗೆ ವಿಲೇವಾರಿ ಮಾಡಿದರೆಂಬುದು ಆರೋಪ. 1975ರಲ್ಲಿ ನ್ಯಾಯಾಲಯ ಮಗಳ ಪರವಾಗಿ ತೀರ್ಪಿತ್ತು, 90 ಲಕ್ಷ ಡಾಲರಿಗೂ ಮಿಕ್ಕಿದ ದಂಡ ಮತ್ತು ಪರಿಹಾರ ವಿಧಿಸಿತು. ಸಹವಾಸ ಬಯಸಿ ಬರೆದ ಚಿತ್ರಗಳು ಸರಕಾದವು. ಈಗ ಅವುಗಳ ಬೆಲೆ ಎಷ್ಟಾಗಿದೆಯೆಂದರೆ, ಕೊಂಡವರು ಅವುಗಳನ್ನು ಭದ್ರ ಕೋಣೆಯಲ್ಲಿ ಮುಚ್ಚಿಟ್ಟರೂ ಯಾರೂ ಅಚ್ಚರಿಪಡುವುದಿಲ್ಲ. ಸಂಗ್ರಹಾಲಯಕ್ಕೆ ಬಂದವರಲ್ಲಿಯೂ ಬಹಳ ಮಂದಿ ಚಿತ್ರದತ್ತ ಬೆನ್ನುಮಾಡಿ ಮೊಬೈಲಿನಲ್ಲಿ ತಮ್ಮ ಮುಖವನ್ನು ಸೆರೆಹಿಡಿದು ಮುಂದಿನ ಕೋಣೆಗೆ ಹೋಗುತ್ತಾರೆ. ಬೆಲೆಯ ಪ್ರಶ್ನೆ ಕೇಳುವವರ ಕೋಪ ನ್ಯಾಯವಾದುದೇ. ಆದರೆ ಅದು ಚಿತ್ರದ ಮೇಲೆ ತಿರುಗಬಾರದು. ಯಾರೂ ನೋಡದಿರುವ ಚಿತ್ರಕ್ಕೆ ಎಷ್ಟು ಕೋಟಿ ಕೊಟ್ಟರೂ ಅದು, ರೋಥ್ಕೊನ ಲೆಕ್ಕದಲ್ಲಿ, ಸತ್ತ ಚಿತ್ರ.

ಇದರಿಂದ ನಾವು ತೆಗೆದುಕೊಳ್ಳಬೇಕಾದ ಪಾಠ ದೂರದ ಹ್ಯೂಸ್ಟನ್ನಿಗೋ ಲಂಡನ್ನಿಗೋ ಸೀಮಿತವಲ್ಲ. ನಮ್ಮ ಶಾಲೆಗಳಲ್ಲಿ ಪರೀಕ್ಷೆ ಹತ್ತಿರ ಬಂದ ಕೂಡಲೆ ಮೊದಲು ಬಲಿಯಾಗುವುದು ಚಿತ್ರಕಲೆಯ ಪೀರಿಯಡ್ಡು. ಆ ವೇಳೆಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದರಲ್ಲಿ ಯಾರಿಗೂ ನಷ್ಟ ಕಾಣುವುದಿಲ್ಲ. ಕಲೆಗೆ ಗೋಡೆಯನ್ನು ಅಲಂಕರಿಸುವ ಸ್ಥಾನವನ್ನಷ್ಟೇ ಕೊಟ್ಟಿರುವ ಸಮಾಜದಲ್ಲಿ ಇದು ನಿರೀಕ್ಷಿತವೇ. ಆದರೆ ಒಂದು ಬಣ್ಣದ ಮುಂದೆ ಸುಮ್ಮನೆ ನಿಲ್ಲಲು, ಅದು ತನ್ನಲ್ಲಿ ಏನನ್ನು ಎಬ್ಬಿಸುತ್ತದೆಂದು ಗಮನಿಸಲು, ಪಕ್ಕದವನಿಗೆ ಬೇರೇನೋ ಕಂಡಿದ್ದರೆ ಅದನ್ನು ಕೇಳಿಸಿಕೊಳ್ಳಲು ಕಲಿತ ಮಗು, ಮುಂದೆ ಎದುರಿನ ಮನುಷ್ಯನ ಮುಖವನ್ನೂ ಅವಸರವಿಲ್ಲದೆ ನೋಡಬಲ್ಲದು. ಹೆಸರಿಟ್ಟು, ಅರ್ಥ ಹಚ್ಚಿ, ಬೆಲೆ ಕಟ್ಟಿ ಮುಂದೆ ಸಾಗುವ ಅಭ್ಯಾಸವನ್ನು ನಾವು ವಸ್ತುಗಳಿಂದ ಆರಂಭಿಸಿ ಮನುಷ್ಯರವರೆಗೂ ತಂದಿದ್ದೇವೆ. ಆ ಅಭ್ಯಾಸಕ್ಕೆ ಸ್ವಲ್ಪ ಹೊತ್ತು ತಡೆಹಾಕುವ ಶಕ್ತಿ ಮಾತಿಲ್ಲದ ಬಣ್ಣಕ್ಕಿದೆ. ಆ ಹೊತ್ತನ್ನು ಕೊಡುವುದು ನಮ್ಮ ಪಾಲಿನ ಕೆಲಸ.